ಆತಿಥೇಯರ ಕಣ್ಣಲ್ಲಿ ಕಂಡ ಸ್ವದೇಶ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಸಾಗರದಾಚೆಯ ನೆಲೆಗಳಲ್ಲಿ ಉಳಿದುಹೋಗಿದ್ದ ಅಮೆರಿಕದ ಯುದ್ಧಸಾಮಗ್ರಿಯನ್ನು ಮಾರಿ ಬಂದ ಹಣವನ್ನು ವಿದ್ಯಾರ್ಥಿಗಳ ಮತ್ತು ವಿದ್ವಾಂಸರ ವಿನಿಮಯಕ್ಕೆ ವಿನಿಯೋಗಿಸಬೇಕೆಂದು ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ತಂದ ಮಸೂದೆ ಶಾಸನವಾಯಿತು. ಅದರ ಹಿಂದಿದ್ದ ವಿಶ್ವಾಸ ಸರಳವೂ ಉದಾತ್ತವೂ ಆದುದು: ಒಂದು ದೇಶದ ತರುಣನು ಇನ್ನೊಂದು ದೇಶದಲ್ಲಿ ಕೆಲಕಾಲ ಬಾಳಿ, ಅಲ್ಲಿನ ಗುರುಗಳ ಬಳಿ ಕಲಿತು, ಅಲ್ಲಿನ ಜನರೊಡನೆ ಉಂಡು ಬೆರೆತು ಬಂದರೆ ಆ ದೇಶದ ವಿಷಯದಲ್ಲಿ ಅವನಿಗೆ ಸದ್ಭಾವ ತಾನಾಗಿ ಅಂಕುರಿಸುವುದು. ಇದೇ ನಂಬಿಕೆಯಿಂದ ಆಸ್ಟ್ರೇಲಿಯವು ಕೊಲಂಬೊ ಯೋಜನೆಯಡಿಯಲ್ಲಿ ಏಷ್ಯದ ವಿದ್ಯಾರ್ಥಿಗಳನ್ನು ಬರಮಾಡಿಕೊಂಡಿತು. ಸೋವಿಯತ್ ಒಕ್ಕೂಟವು 1960ರಲ್ಲಿ ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ತರುಣರಿಗೆಂದೇ ಮಾಸ್ಕೋದಲ್ಲಿ ವಿಶ್ವವಿದ್ಯಾನಿಲಯವೊಂದನ್ನು ತೆರೆಯಿತು. ಆದರೆ ಮೂರೇ ವರ್ಷಗಳ ತರುವಾಯ, 1963ರ ಡಿಸೆಂಬರಿನ ಚಳಿಯಲ್ಲಿ, ಘಾನಾ ದೇಶದ ವಿದ್ಯಾರ್ಥಿಯೊಬ್ಬನ ಸಾವಿನಿಂದ ಕ್ಷುಬ್ಧರಾದ ಆಫ್ರಿಕದ ವಿದ್ಯಾರ್ಥಿಗಳು ಕೆಂಪು ಚೌಕದಲ್ಲಿ ಮೆರವಣಿಗೆ ನಡೆಸಿ, ವರ್ಣದ್ವೇಷಕ್ಕೆ ಹೆಸರಾದ ಅಮೆರಿಕದ ಅಲಬಾಮಕ್ಕೆ ಮಾಸ್ಕೋವನ್ನು ಹೋಲಿಸಿದ ಫಲಕಗಳನ್ನು ಎತ್ತಿ ಹಿಡಿದರು. ಉಚಿತವಾದ ವಿದ್ಯೆಯೂ ವಸತಿಯೂ ಅವರ ಅವಮಾನವನ್ನು ಅಳಿಸಲಾರದೆ ಹೋದುವು.

ವಿದ್ಯಾರ್ಥಿಯ ಮನಸ್ಸಿನಲ್ಲಿ ಆತಿಥೇಯ ದೇಶದ ಚಿತ್ರ ಹೇಗೆ ಮೂಡುತ್ತದೆಂಬುದಕ್ಕೆ ಚೀನಾದ ಮಹಾಲೇಖಕ ಲೂ ಷುನ್‌ನ ಅನುಭವದಷ್ಟು ಸ್ಪಷ್ಟವಾದ ನಿದರ್ಶನ ಬೇರೆ ದೊರೆಯುವುದು ಕಷ್ಟ. 1894–95ರ ಯುದ್ಧದಲ್ಲಿ ಜಪಾನಿಗೆ ಸೋತ ಚೀನಾ, ತನ್ನನ್ನು ಗೆದ್ದವರ ಬಳಿಗೇ ತನ್ನ ತರುಣರನ್ನು ವಿದ್ಯಾರ್ಜನೆಗೆ ಕಳುಹಿಸತೊಡಗಿತು. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1902ರಲ್ಲಿ ಜಪಾನಿಗೆ ಹೋದ ಲೂ ಷುನ್, ಎರಡು ವರ್ಷಗಳ ಬಳಿಕ ಉತ್ತರದ ಸೆಂದೈ ಪಟ್ಟಣದ ವೈದ್ಯಕೀಯ ಶಾಲೆಯನ್ನು ಸೇರಿದನು. ಅಲ್ಲಿ ಅಂಗರಚನಾಶಾಸ್ತ್ರವನ್ನು ಕಲಿಸುತ್ತಿದ್ದ ಫುಜಿನೊ ಎಂಬ ಗುರು, ಈ ಪರದೇಶದ ಹುಡುಗನಿಗೆ ತನ್ನ ಪಾಠ ಹಿಡಿಯುವುದೋ ಇಲ್ಲವೋ ಎಂಬ ಕಾಳಜಿಯಿಂದ ಅವನ ಟಿಪ್ಪಣಿ ಪುಸ್ತಕವನ್ನು ತರಿಸಿಕೊಂಡು, ಬಿಟ್ಟುಹೋದುದನ್ನು ತುಂಬಿ, ವ್ಯಾಕರಣದ ತಪ್ಪುಗಳನ್ನೂ ಸೇರಿಸಿ ಮೊದಲಿನಿಂದ ಕೊನೆಯವರೆಗೆ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದನು. ತಾನು ಕಲಿಸುವ ವಿಷಯಗಳೆಲ್ಲ ಮುಗಿಯುವವರೆಗೂ ಈ ಕ್ರಮ ನಡೆಯಿತು. ಮುಂಗೈಯ ರಕ್ತನಾಳವೊಂದನ್ನು ಶಿಷ್ಯನು ಅಂದಕ್ಕಾಗಿ ತುಸು ಸರಿಸಿ ಬರೆದಿದ್ದರೆ, ಅದು ಇರುವಂತೆಯೇ ಬರೆಯಬೇಕಾದುದೆಂದು ಮೃದುವಾಗಿ ತಿಳಿಸಿಹೇಳಿದನು.

ಅದೇ ಶಾಲೆಯಲ್ಲಿ ಸಹಪಾಠಿಗಳು ಕೆಲವರು, ಪರೀಕ್ಷೆಯ ಪ್ರಶ್ನೆಗಳನ್ನು ಫುಜಿನೊ ಮೊದಲೇ ಗುರುತುಮಾಡಿ ಕೊಟ್ಟಿರಬೇಕೆಂದು ಶಂಕಿಸಿ ಲೂ ಷುನ್‌ಗೆ ಹೆಸರಿಲ್ಲದ ಕಾಗದ ಬರೆದರು. ದುರ್ಬಲ ದೇಶದ ಹುಡುಗ ಸ್ವಂತ ಶಕ್ತಿಯಿಂದ ತೇರ್ಗಡೆಯಾಗುವುದು ಅವರ ಕಲ್ಪನೆಗೆ ನಿಲುಕದ ಸಂಗತಿ. ಅದೇ ಶಾಲೆಯ ತರಗತಿಯಲ್ಲಿ, ರೋಗಾಣುಗಳ ಪಾಠ ಮುಗಿದು ಸಮಯ ಮಿಕ್ಕಾಗ ತೋರಿಸುತ್ತಿದ್ದ ರಷ್ಯ–ಜಪಾನ್ ಯುದ್ಧದ ಚಿತ್ರಗಳ ನಡುವೆ, ರಷ್ಯದ ಗೂಢಚಾರನೆಂದು ಚೀನೀಯನೊಬ್ಬನನ್ನು ವಧಿಸುವ ದೃಶ್ಯ ಬಂದಿತು. ಸುತ್ತ ಚೀನೀಯರೇ ಸುಮ್ಮನೆ ನಿಂತು ನೋಡುತ್ತಿದ್ದರು. ತರಗತಿಯ ತರುಣರು ಜಯಘೋಷ ಮಾಡಿದರು. ಲೂ ಷುನ್ 1906ರಲ್ಲಿ ವೈದ್ಯವಿದ್ಯೆಯನ್ನು ತೊರೆದು ಸಾಹಿತ್ಯದ ಹಾದಿ ಹಿಡಿದನು. ಆದರೆ ಅಗಲುವಾಗ ಫುಜಿನೊ ಕೊಟ್ಟ ಭಾವಚಿತ್ರ ಪೀಕಿಂಗಿನ ಅವನ ಮನೆಯ ಗೋಡೆಯ ಮೇಲೆ ತೂಗುತ್ತಿತ್ತು. 1926ರಲ್ಲಿ ಆ ಗುರುವಿನ ಮೇಲೆ ಬರೆದ ಲೇಖನದಲ್ಲಿ ಕೃತಜ್ಞತೆಯೂ ಆ ಜಯಘೋಷದ ನೋವೂ ಅಕ್ಕಪಕ್ಕದಲ್ಲೇ ಇವೆ. ಜಪಾನಿನ ಬಗೆಗೆ ಅವನಿಗೆ ಪ್ರೀತಿ ಹುಟ್ಟಿತೆ, ದ್ವೇಷ ಹುಟ್ಟಿತೆ ಎಂದು ಕೇಳಿದರೆ ಉತ್ತರವಿಲ್ಲ. ದೂರದಿಂದ ಒಂದೇ ಮುದ್ದೆಯಾಗಿ ಕಾಣುತ್ತಿದ್ದ ದೇಶ, ಹತ್ತಿರದಿಂದ ಒಬ್ಬ ಫುಜಿನೊ ಆಗಿ, ಒಂದು ತರಗತಿಯಾಗಿ, ಒಂದು ಸಾಮ್ರಾಜ್ಯವಾಗಿ ಒಡೆದು ಕಂಡಿತು.

ಅರ್ಧ ಶತಮಾನದ ಬಳಿಕ, ಸ್ವತಂತ್ರ ಭಾರತದಿಂದ ಅಮೆರಿಕಕ್ಕೆ ಹೋದ ವಿದ್ಯಾರ್ಥಿಗಳನ್ನು ಕುರಿತು ರಿಚರ್ಡ್ ಲ್ಯಾಂಬರ್ಟ್ ಮತ್ತು ಮಾರ್ವಿನ್ ಬ್ರೆಸ್ಲರ್ ಎಂಬ ಸಮಾಜಶಾಸ್ತ್ರಜ್ಞರು ನಡೆಸಿ 1956ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಅಧ್ಯಯನ ಆತಿಥೇಯ ದೇಶದ ಚಿತ್ರ ಹೀಗೆ ರೂಪುಗೊಳ್ಳುವುದಕ್ಕೆ ಕಾರಣವನ್ನೂ ಹುಡುಕಿತು. ಜಾತಿ, ಬಡತನ ಮುಂತಾದ ಕೆಲವು ವಿಷಯಗಳು ಆ ವಿದ್ಯಾರ್ಥಿಗಳಿಗೆ ಮುಟ್ಟಿದರೆ ನೋಯುವ ಗಾಯಗಳಂತಿದ್ದುವು. ಆತಿಥೇಯನು ಕುತೂಹಲದಿಂದಲೇ, ಯಾವ ದುರುದ್ದೇಶವೂ ಇಲ್ಲದೆ ಅವನ್ನು ಪ್ರಸ್ತಾಪಿಸಿದರೂ, ಅದರಲ್ಲಿ ತನ್ನ ನಾಡಿನ ಅವಹೇಳನ ಅಡಗಿದೆಯೆಂದು ವಿದ್ಯಾರ್ಥಿಗೆ ತೋರುತ್ತಿತ್ತು. ಅಮೆರಿಕನರು ಭಾರತವನ್ನು ಹೇಗೆ ಕಾಣುತ್ತಾರೆಂದು ಅವನು ಭಾವಿಸಿದನೋ ಅದರ ಮೇಲೆ ಅಮೆರಿಕವನ್ನು ಅವನು ಹೇಗೆ ಕಾಣುವನೆಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತಿತ್ತು. ಊರಿನಲ್ಲಿದ್ದಾಗ ಯಾವ ಆಚಾರವನ್ನು ಖಂಡಿಸಿ ಭಾಷಣ ಮಾಡುತ್ತಿದ್ದನೋ ಅದೇ ಆಚಾರಕ್ಕೆ ಪರದೇಶದಲ್ಲಿ ವಕೀಲನಾಗಿ ನಿಲ್ಲುವ ತರುಣನ ಸ್ಥಿತಿ ಇದರಿಂದ ಅರ್ಥವಾಗುತ್ತದೆ. ಅವನನ್ನು ಆಷಾಢಭೂತಿಯೆಂದು ಹಳಿಯುವುದು ಅನ್ಯಾಯ.

ಆದರೆ ಈ ಸಿದ್ಧಾಂತಕ್ಕೆ ಒಂದು ಮಿತಿಯುಂಟು. ಸ್ವದೇಶದ ಮಾನದಲ್ಲಿ ತನ್ನ ಪಾಲೂ ಇದೆಯೆಂದು ಬಗೆದವನು ಮಾತ್ರ ಆ ಮಾನಕ್ಕೆ ಕುಂದು ಬಂದಾಗ ನೋಯುತ್ತಾನೆ. ಸ್ವದೇಶವೇ ಯಾರ ಮಾನವನ್ನು ಕಸಿದುಕೊಂಡಿತೋ ಅವನ ದೃಷ್ಟಿ ಬೇರೆಯ ತೆರನಾದುದು. ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವಿನಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದ ಅಂಬೇಡ್ಕರರು ಜಾನ್ ಡ್ಯೂಯಿ, ಎಡ್ವಿನ್ ಸೆಲಿಗ್ಮನ್ ಮೊದಲಾದವರ ಬಳಿ ಕಲಿತರು. ಆ ಗುರುಗಳನ್ನೂ ಸಹಪಾಠಿಗಳನ್ನೂ ತಮ್ಮ ಬಾಳಿನ ಅತ್ಯುತ್ತಮ ಮಿತ್ರರ ಸಾಲಿನಲ್ಲಿ ನೆನೆದರು. ಹಿಂದಿರುಗಿ 1917ರಲ್ಲಿ ಬರೋಡಕ್ಕೆ ಉದ್ಯೋಗಕ್ಕೆ ಹೋದಾಗ, ಅಷ್ಟು ವಿದ್ಯಾವಂತನಿಗೆ ತಂಗಲು ಒಂದು ಕೋಣೆ ಸಿಕ್ಕದೆ, ಆಶ್ರಯ ಪಡೆದಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಬೀಳಬೇಕಾಯಿತು. ಹಾಗೆಂದು ಅವರು ಅಮೆರಿಕವನ್ನು ಸ್ವರ್ಗವೆಂದು ಬಗೆಯಲಿಲ್ಲ. 1946ರಲ್ಲಿ, ಅಮೆರಿಕದ ಕರಿಯ ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ವಿಷಯವಾಗಿ ಅವರ ನಾಯಕ ಡಬ್ಲ್ಯು. ಇ. ಬಿ. ದು ಬಾಯ್ಸ್‌ರಿಗೆ ಕಾಗದ ಬರೆದು, ಆ ಜನರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದರು. ತನಗೆ ಸಮಾನತೆಯ ರುಚಿ ತೋರಿಸಿದ ದೇಶವು ಅದನ್ನು ತನ್ನವರಲ್ಲೇ ಕೆಲವರಿಗೆ ನಿರಾಕರಿಸುತ್ತಿದೆಯೆಂಬ ಅರಿವು, ಪರದೇಶದ ವಿದ್ಯಾಭ್ಯಾಸ ಕೊಡಬಹುದಾದ ಅತ್ಯಂತ ಪ್ರಬುದ್ಧವಾದ ಅರಿವೆಂದು ನಾನು ತಿಳಿದಿದ್ದೇನೆ.

ಈ ಬಗೆಯ ಅರಿವಿಗೆ ಇಂದು ಅವಕಾಶವೆಷ್ಟು? 2023–24ನೆಯ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602ಕ್ಕೆ ಏರಿ ಚೀನಾದವರನ್ನು ಮೀರಿಸಿತು. ಇವರಲ್ಲಿ ಬಹುಮಂದಿ ಸರ್ಕಾರದ ಅತಿಥಿಗಳಲ್ಲ. ತಂದೆಯ ಸೈಟನ್ನೋ ತೋಟವನ್ನೋ ಅಡವಿಟ್ಟು ಬ್ಯಾಂಕಿನಿಂದ ಶೈಕ್ಷಣಿಕ ಸಾಲ ತಂದವರು. ಡಾಲಸ್ಸಿನಲ್ಲೋ ನ್ಯೂಜೆರ್ಸಿಯಲ್ಲೋ ನಾಲ್ವರು ಭಾರತೀಯರು ಕೂಡಿ ಹಿಡಿದ ಬಾಡಿಗೆ ಮನೆ, ಸರದಿಯ ಮೇಲೆ ಬೇಯಿಸಿದ ಅನ್ನ ಸಾರು, ತರಗತಿಯಲ್ಲೂ ನಮ್ಮವರೇ ಹೆಚ್ಚು: ಇದು ಅವರ ದಿನಚರಿ. ಅಲ್ಲಿನವರ ಮನೆಯ ಒಳಗನ್ನು ಕಾಣದೆಯೇ ಪದವಿ ಮುಗಿಸಿ ಬಂದವರು ಅನೇಕರು. ಇದಕ್ಕಾಗಿ ವಿದ್ಯಾರ್ಥಿಗಳನ್ನು ದೂಷಿಸಲು ನನಗೆ ಮನಸ್ಸು ಬಾರದು. ಸಾಲದ ಕಂತು ನೆತ್ತಿಯ ಮೇಲಿರುವಾಗ ಸಂಸ್ಕೃತಿಯ ಪರಿಚಯಕ್ಕೆ ಬಿಡುವೆಲ್ಲಿಯದು? ಆದರೆ ಪರಿಣಾಮವನ್ನು ಗಮನಿಸಲೇಬೇಕು. ಅವರು ಭೇಟಿಯಾಗುವ ಆತಿಥೇಯ ದೇಶವೆಂದರೆ ವೀಸಾ ಕಚೇರಿ, ಮನೆಯ ಮಾಲೀಕ, ಕೆಲಸಕ್ಕಿಟ್ಟುಕೊಳ್ಳುವ ಅಂಗಡಿಕಾರ. ಬ್ರಿಟನ್ನು ಓದು ಮುಗಿದ ಮೇಲೆ ಕೆಲಸಕ್ಕೆ ನಿಲ್ಲುವ ಅನುಮತಿಯನ್ನು 2012ರಲ್ಲಿ ಕಿತ್ತುಕೊಂಡು 2021ರಲ್ಲಿ ಮತ್ತೆ ಕೊಟ್ಟಿತು. ಕೆನಡ 2024ರಲ್ಲಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಶುಲ್ಕ ಬೇಕಾದಾಗ ಕರೆದು, ಮತದಾರರು ಮುನಿದಾಗ ಬಾಗಿಲು ಮುಚ್ಚುವ ದೇಶವನ್ನು ವಿದ್ಯಾರ್ಥಿಯೂ ವ್ಯಾಪಾರಿಯ ಕಣ್ಣಿನಿಂದಲೇ ಅಳೆಯುವುದು ಸಹಜ.

ಈ ಮಾತು ಹೇಳುವಾಗ ನಾವೂ ಆತಿಥೇಯರೆಂಬುದನ್ನು ಮರೆಯುವಂತಿಲ್ಲ. ಅಫ್ಘಾನಿಸ್ತಾನದ ಅಧ್ಯಕ್ಷರಾಗಿದ್ದ ಹಮೀದ್ ಕರ್ಜೈ ಓದಿದ್ದು ಶಿಮ್ಲಾದಲ್ಲಿ; ನೇಪಾಳದ ಪ್ರಧಾನಿಯಾಗಿದ್ದ ಬಾಬುರಾಮ್ ಭಟ್ಟರಾಯ್ ಡಾಕ್ಟರೇಟ್ ಪಡೆದದ್ದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ. ಮೈಸೂರು, ಮಣಿಪಾಲ, ಬೆಂಗಳೂರುಗಳಲ್ಲಿ ಆಫ್ರಿಕದ, ಪಶ್ಚಿಮ ಏಷ್ಯದ ತರುಣರು ಇಂದಿಗೂ ಓದುತ್ತಿದ್ದಾರೆ. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಅಂಚಿನಲ್ಲಿ, ಸುಡಾನಿನವನೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಮಡಿದಾಗ, ಅದಕ್ಕೆ ಯಾವ ಸಂಬಂಧವೂ ಇಲ್ಲದೆ ಆ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಒಂದು ಇಡೀ ಖಂಡವನ್ನು ಒಂದೇ ಮುಖವೆಂದು ಭಾವಿಸಿದ ಆ ಗುಂಪಿನ ಕೃತ್ಯ ಎಷ್ಟು ವಿದ್ಯಾರ್ಥಿವೇತನಗಳ ಸತ್ಫಲವನ್ನು ಸುಟ್ಟುಹಾಕಿತೋ ಹೇಳಬಲ್ಲವರಾರು? ನಮ್ಮ ವಿಶ್ವವಿದ್ಯಾನಿಲಯಗಳು ವಿದೇಶೀಯರಿಗೆ ಪ್ರತ್ಯೇಕ ವಸತಿನಿಲಯ ಕಟ್ಟಿ ಕೃತಾರ್ಥವಾಗುವುದನ್ನು ಬಿಡಬೇಕು. ಹಾಸನದ ಹುಡುಗನೂ ದಾರ್ ಎಸ್ ಸಲಾಮಿನ ಹುಡುಗನೂ ಒಂದೇ ಕೋಣೆಯಲ್ಲಿ ಇರಲಿ, ಒಂದೇ ಪ್ರಯೋಗಶಾಲೆಯ ಮೇಜಿನಲ್ಲಿ ಜೊತೆಗಾರರಾಗಲಿ. ಬಂದವರಿಗೆ ಮೊದಲ ವರ್ಷವೇ ಕನ್ನಡ ಕಲಿಸುವ ಏರ್ಪಾಡಾಗಲಿ. ಬಾಡಿಗೆಗೆ ಮನೆ ಕೇಳಿದವನನ್ನು ಚರ್ಮ ನೋಡಿ ಹಿಂದೆ ಕಳುಹಿಸುವ ಮಾಲೀಕನೊಡನೆ ಮಾತನಾಡಲು ಪ್ರತಿಯೊಂದು ಕಾಲೇಜಿನಲ್ಲೂ ಹೊಣೆಯುಳ್ಳ ಅಧ್ಯಾಪಕರೊಬ್ಬರು ನೇಮಕವಾಗಲಿ.