ಹಾಡಿಗೆ ಎರಡು ಬಾಲ ಇದ್ರೆ ಹುಷಾರ್!

ಅಭಿಮಾನಿ ಮಿತ್ರರೇ, ಈ ವಾರ ಗಾಂಧಿನಗರದ ಗಾಳಿಸುದ್ದಿಗೆ ರಜಾ. ಯಾವ ನಾಯಕ ಯಾವ ನಿರ್ಮಾಪಕನ ಮೇಲೆ ಮುನಿಸಿಕೊಂಡ ಅನ್ನೋದೆಲ್ಲ ಮುಂದಿನ ವಾರಕ್ಕಿರಲಿ. ಇವತ್ತು ನನ್ನದೇ ಒಂದು ಹಳೇ ಪಾಪದ ಕಥೆ.

2014ನೇ ಇಸವಿ. ಪಿಯುಸಿಗೆ ಕೈಮುಗಿಯೋ ಹೊತ್ತು. ನಮ್ಮೂರ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಅಣ್ಣ ಬಂಗಾರದಂಥ ಮನುಷ್ಯ. "ಲೋ, ಅಂಗಡಿ ನೋಡ್ಕೊಂಡಿರೋ, ಊಟ ಮಾಡ್ಕೊಂಡು ಬರ್ತೀನಿ" ಅಂತ ಅವರು ಆಚೆ ಹೋದ್ರೆ ಸಾಕು, ಕಂಪ್ಯೂಟರ್ ನಂದೇ! ಹೊಸ ಚಿತ್ರದ ಹಾಡು ಎಲ್ಲರಿಗಿಂತ ಮೊದಲು ನನ್ನ ಮೊಬೈಲಲ್ಲಿ ಮೊಳಗಬೇಕು ಅನ್ನೋ ಹುಚ್ಚು. ನಿಮಗೂ ಇತ್ತಲ್ಲ, ಸುಳ್ಳು ಹೇಳಬೇಡಿ!

ಚಿತ್ರದ ಅಷ್ಟೂ ಹಾಡು ಒಂದೇ ಗಂಟಿನಲ್ಲಿ ಅಂತ ಒಂದು ಜಿಪ್ ಫೈಲ್ ಸಿಕ್ತು. ಇಳಿಸಿದೆ, ಬಿಡಿಸಿದೆ. ಒಳಗೆ ಒಂದೇ ಫೈಲು. ಒತ್ತಿದೆ, ಹಾಡು ಬರಲಿಲ್ಲ. ಇನ್ನೊಂದು ಸಲ ಒತ್ತಿದೆ. ಊಹೂಂ… ಸುಮ್ಮನೆ ಮನೆಗೆ ಹೋದೆ.

ಮರುದಿನ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ರು. ಹಿಂದಿನ ಭಾನುವಾರದ ಮದುವೆಯ ಫೋಟೋ ಒಂದೂ ತೆರೀತಿಲ್ಲ. ಕ್ಯಾಮೆರಾ ಕಾರ್ಡನ್ನ ಆಗಲೇ ಅಳಿಸಿಯಾಗಿತ್ತು. ಹುಡುಗಿಯ ಅಪ್ಪ ಬಂದ್ರು. ಬೈಯಲಿಲ್ಲ. "ಧಾರೆ ಎರೆದದ್ದು ಒಂದಾದ್ರೂ ಸಿಕ್ಕೀತಾ ಸ್ವಾಮಿ?" ಅಂದ್ರು, ಅಷ್ಟೆ. ಸಿಗಲಿಲ್ಲ. ಅಣ್ಣ ತಗೊಂಡಿದ್ದ ಅಡ್ವಾನ್ಸ್ ಪೂರ್ತಿ ಎಣಿಸಿ ವಾಪಸ್ ಕೊಟ್ರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆಗಿದ್ದೇನು ಅಂತ ತಿಳಿದದ್ದು ಎಷ್ಟೋ ದಿನದ ಮೇಲೆ. ಪ್ರತಿ ಫೈಲಿನ ಹೆಸರಿಗೂ ಕೊನೆಯಲ್ಲಿ ಒಂದು ಬಾಲ ಇರುತ್ತೆ. ಹಾಡಾದರೆ 'ಎಂಪಿ3'. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು 1995ರ ಜುಲೈ 14ರಂದು ಆ ಬಾಲವನ್ನ ಗೊತ್ತು ಮಾಡಿದ್ರು. ಸಿ.ಡಿ.ಯಲ್ಲಿ ಒಂದು ನಿಮಿಷದ ಹಾಡಿಗೆ ಸುಮಾರು 10 ಎಂ.ಬಿ. ಜಾಗ ಬೇಕು. ಕಿವಿಗೆ ಕೇಳಿಸದ ಸದ್ದನ್ನೆಲ್ಲ ಸೋಸಿ ತೆಗೆದು ಅದನ್ನ ಸುಮಾರು 1 ಎಂ.ಬಿ.ಗೆ ಇಳಿಸೋದೇ ಎಂಪಿ3ಯ ಚಮತ್ಕಾರ.

ನಾನು ಒತ್ತಿದ ಫೈಲಿಗೆ ಬಾಲ ಎರಡು! ಮೊದಲು ಎಂಪಿ3, ಅದರ ಹಿಂದೆ 'ಇಎಕ್ಸ್‌ಇ'. ಅಂದ್ರೆ ಅದು ಹಾಡಲ್ಲ, ಪ್ರೋಗ್ರಾಂ. ವಿಂಡೋಸ್ ತನಗೆ ಗೊತ್ತಿರೋ ಬಾಲವನ್ನ ತಾನಾಗೇ ಮುಚ್ಚಿಡುತ್ತೆ. ಕೊನೇ ಬಾಲ ಮುಚ್ಚಿಹೋಯ್ತು, ನನ್ನ ಕಣ್ಣಿಗೆ ಬಿದ್ದದ್ದು ಎಂಪಿ3 ಮಾತ್ರ. ಖಳನಾಯಕ ನಾಯಕನ ವೇಷದಲ್ಲಿ ಮನೆಯೊಳಗೇ ಬಂದುಬಿಟ್ಟ!

ಇದು ಹಳೇ ಆಟ ಕಣ್ರೀ. 2000ದ ಮೇ ತಿಂಗಳಲ್ಲಿ ಫಿಲಿಪೈನ್ಸ್‌ನಿಂದ ಹೊರಟ 'ಐ ಲವ್ ಯೂ' ವೈರಸ್ ಇದೇ ಎರಡು ಬಾಲದ ಉಪಾಯದಿಂದ ಪ್ರೇಮಪತ್ರ ಅಂತ ನಂಬಿಸಿ ಜಗತ್ತನ್ನೇ ಸುತ್ತಿತು. ಕಂಪ್ಯೂಟರಿನಲ್ಲಿದ್ದ ಎಂಪಿ3 ಹಾಡುಗಳನ್ನ ಅಡಗಿಸಿ, ಅದೇ ಹೆಸರಲ್ಲಿ ತಾನೇ ಕೂರುತ್ತಿತ್ತು.

ಅದಕ್ಕೇ ತಮ್ಮಂದಿರಾ, ಕೇಳಿ. ಕಂಪ್ಯೂಟರ್ ವಿಂಡೋಸ್ 11 ಆದ್ರೆ ಫೋಲ್ಡರ್ ತೆರೆದು 'ವ್ಯೂ', ಆಮೇಲೆ 'ಶೋ', ಅದರಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಒತ್ತಿ. ಬಾಲ ಎಲ್ಲಾ ಬಯಲು! ಮೊಬೈಲಲ್ಲಿ 'ಎಪಿಕೆ' ಅಂತಿದ್ರೆ ಅದು ಆಪ್, ಹಾಡಲ್ಲ. ಹಾಡು ಅಂತಲೋ ಮದುವೆ ಕರೆಯೋಲೆ ಅಂತಲೋ ಯಾರಾದ್ರೂ ಕಳಿಸಿದ್ರೆ ಮುಟ್ಟಬೇಡಿ, ಬ್ಯಾಂಕಿನ ದುಡ್ಡು ಹಾರಿಹೋದೀತು. ಗಾತ್ರವನ್ನೂ ನೋಡಿ. ಐದು ನಿಮಿಷದ ಹಾಡು ಅರ್ಧ ಎಂ.ಬಿ. ಇದೆ ಅಂದ್ರೆ ಅನುಮಾನ ಪಡಿ.

"ಆಪ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡು ಮೆಮೊರಿ ಕಾರ್ಡಿನಲ್ಲಿ ಕಾಣ್ತಿಲ್ಲ, ಎಲ್ಲಿ ಹೋಯ್ತು?" ಅಂತ ಕೆಲವರು ಕೇಳ್ತಾರೆ. ಎಲ್ಲೂ ಹೋಗಿಲ್ಲ. ಅದಕ್ಕೆ ಬೀಗ ಹಾಕಿರ್ತಾರೆ, ಆ ಆಪ್‌ನಲ್ಲಿ ಮಾತ್ರ ಕೇಳಬಹುದು. ಇರಲಿ ಬಿಡಿ. ಸಿನಿಮಾ ಕಂಪೆನಿಗಳ ಯೂಟ್ಯೂಬ್ ಚಾನೆಲ್ಲಿನಲ್ಲೇ ಹಾಡು ಬಿಟ್ಟಿಯಾಗಿ ಕೇಳೋಕೆ ಸಿಗೋ ಈ ಕಾಲದಲ್ಲಿ ಕದ್ದ ಗಂಟಿಗೆ ಕೈ ಹಾಕೋದ್ಯಾಕೆ? ಮೆಚ್ಚಿದ ನಟನ ಹಾಡನ್ನ ಕದ್ದು ಕೇಳೋದು ಯಾವ ಸೀಮೆ ಅಭಿಮಾನ?

ಸ್ಟುಡಿಯೋ ಅಣ್ಣ ಈಗಲೂ ಈ ಪತ್ರಿಕೆ ತಪ್ಪದೆ ಓದ್ತಾರೆ. ಈ ಸಾಲನ್ನೂ ಓದ್ತಿರ್ತಾರೆ.

ಅಣ್ಣಾ, ಅವತ್ತು ಆ ಫೈಲ್ ಒತ್ತಿದವನು ನಾನೇ. ಇಷ್ಟು ವರ್ಷ ಹೇಳೋ ಧೈರ್ಯ ಬರಲಿಲ್ಲ. ಈ ಭಾನುವಾರ ಅಂಗಡಿಗೆ ಬರ್ತೀನಿ. ಬೈಯ್ರಿ, ಎರಡೇಟು ಹಾಕಿ… ಬಾ ಅಂತ ಮಾತ್ರ ಅನ್ನಿ.

ಮಿತ್ರರೇ, ಅವರು ಏನಂದ್ರು ಅಂತ ಮುಂದಿನ ವಾರ ಹೇಳ್ತೀನಿ. ಅಲ್ಲೀವರೆಗೆ ಬಾಲ ನೋಡಿ ಹಾಡು ಒತ್ತಿ. ಬರ್ಲಾ?