ಮೊದಲು ಚುಕ್ಕಾಣಿ ಬಿಟ್ಟು ನೋಡಿ, ಆಮೇಲೆ ಮಿಷನ್ ಕೊಳ್ಳಿ

ಮೊನ್ನೆ ಭಾನುವಾರದಿಂದ ತಲೆ ಕೆಟ್ಟಿದೆ. ಮನೇಲಿ ಹೇಳಿದ್ರೆ ಇನ್ನು ಸಮುದ್ರದ ಕಡೆ ಬಿಡೋದಿಲ್ಲ, ಅದಕ್ಕೆ ನಿಮ್ಮ ಹತ್ರ ಹೇಳ್ತಿದ್ದೀನಿ.

ಮುಂಬೈಗೆ ಬಂದು ಮೂವತ್ತು ವರ್ಷ ದಾಟಿತು. ಬ್ಯಾಂಕಿನ ಕೆಲಸ ಬಿಟ್ಟರೆ ನನಗಿರುವ ಒಂದೇ ಹುಚ್ಚು ಗೆಳೆಯನ 22 ಅಡಿಯ ಹಾಯಿದೋಣಿ. ಈ ಸಲ ಅದಕ್ಕೆ ಆಟೋಪೈಲಟ್ ಹಾಕಿಸಿದ್ದ. "ಇನ್ನು ಚುಕ್ಕಾಣಿ ಮುಟ್ಟೋದೇ ಬೇಡ ಮಾರಾಯ" ಅಂದ. ಮಾಂಡವಾದಿಂದ ಗೇಟ್‌ವೇ ಕಡೆ ವಾಪಸ್ ಬರುವಾಗ ಗಾಳಿ ಜೋರಾಯಿತು. ಮಿಷನ್ ಕುಂಯ್ ಕುಂಯ್ ಅಂತ ಒದ್ದಾಡಿ, ಬ್ಯಾಟರಿಯೆಲ್ಲ ಕುಡಿದು ಸುಮ್ಮನಾಯಿತು. ದೋಣಿ ಗಾಳಿಯತ್ತ ಮೂತಿ ತಿರುಗಿಸಿ ನಿಂತಿತು... ಎದುರಿಗೆ ಜನ ತುಂಬಿದ ಫೆರಿ! ಫೆರಿಯವನು ಪಕ್ಕಕ್ಕೆ ತಿರುಗಿಸಿದ್ದರಿಂದ ಇದನ್ನು ಬರೆಯಲು ಉಳಿದಿದ್ದೇನೆ.

ಗೆಳೆಯ ಈಗ ಇನ್ನೂ ದೊಡ್ಡ ಬ್ಯಾಟರಿ ತರ್ತಾನಂತೆ. ಸ್ವಾಮಿ, ತಪ್ಪು ಬ್ಯಾಟರಿಯದ್ದಲ್ಲ, ನಮ್ಮದು! ದೊಡ್ಡ ಹಾಯಿಯನ್ನು ಪೂರ್ತಿ ಏರಿಸಿ, ಬಿಗಿಯಾಗಿ ಎಳೆದು ಕೂತಿದ್ದೆವು. ದೋಣಿ ಗಾಳಿಯತ್ತ ತಿರುಗಲು ಜಗ್ಗುತ್ತಿತ್ತು, ಬಡಪಾಯಿ ಮಿಷನ್ ಅದರ ಜೊತೆ ಕುಸ್ತಿ ಆಡುತ್ತಿತ್ತು.

'ಸುಹೇಲಿ'ಯ ಕತೆ ಗೊತ್ತಲ್ಲ? ಇದೇ ಮುಂಬೈನಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ದೋಣಿ. 1968ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಲು ಹೊರಟರು. ಆಸ್ಟ್ರೇಲಿಯಾ ಹತ್ತಿರ ಬರುವಷ್ಟರಲ್ಲಿ ಗಾಳಿಯಿಂದ ದಿಕ್ಕು ಹಿಡಿಯುವ ಸಾಧನ ಮುರಿದುಹೋಯಿತು. ಹಾಯಿಗಳನ್ನು ಹೊಂದಿಸಿ, ಚುಕ್ಕಾಣಿ ಕಟ್ಟಿ ಮುಂದುವರಿದರು. 312 ದಿನಗಳ ನಂತರ, 1969ರ ಏಪ್ರಿಲ್ 22ರಂದು ಊರು ಸೇರಿದರು. ಸ್ಪರ್ಧೆಗೆ ಹೊರಟ ಒಂಬತ್ತು ಜನರಲ್ಲಿ ಮುಗಿಸಿದ್ದು ಅವರೊಬ್ಬರೇ!

ಹಾಗಾಗಿ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಖಾಲಿ ಜಾಗದಲ್ಲಿ ಚುಕ್ಕಾಣಿ ಬಿಟ್ಟು ಹತ್ತು ಎಣಿಸಿ. ದೋಣಿ ಗಾಳಿಯತ್ತ ಓಡಿದರೆ ದೊಡ್ಡ ಹಾಯಿಯನ್ನು ಸಡಿಲಿಸಿ, ಇಲ್ಲವೇ ಕಿರಿದು ಮಾಡಿ. ಗಾಳಿಯಿಂದ ದೂರ ಸರಿದರೆ ಅದನ್ನೇ ಸ್ವಲ್ಪ ಬಿಗಿ ಮಾಡಿ. ಆಮೇಲೆ ಹಾಯಿಯ ಹಗ್ಗವನ್ನು ರಾಟೆಯ ಮೇಲಿಂದ ತಂದು, ಚುಕ್ಕಾಣಿಯ ಹಿಡಿಯನ್ನು ಗಾಳಿ ಬರುವ ಕಡೆಗೆ ಎಳೆಯುವಂತೆ ಕಟ್ಟಿ. ಆಚೆ ಕಡೆಗೆ ರಬ್ಬರ್ ಟ್ಯೂಬ್ ಇರಲಿ. ಗಾಳಿ ಹೆಚ್ಚಾಗಿ ದೋಣಿ ಮೂತಿ ತಿರುಗಿಸಿದರೆ ಹಗ್ಗ ಎಳೆದು ದಾರಿಗೆ ತರುತ್ತದೆ. ಗಾಳಿ ತಗ್ಗಿದರೆ ರಬ್ಬರ್ ವಾಪಸ್ ಎಳೆಯುತ್ತದೆ. ಖರ್ಚು ಏನು ಮಹಾ?

ಗಾಳಿ ಹಿಂದಿನಿಂದ ಬೀಸುವಾಗ ಇಷ್ಟು ಸಾಲದು, ಒಪ್ಪಿದೆ. ಆಗ ಮಿಷನ್ ಬೇಕಾಗಬಹುದು, ನಾನೇನು ಅದರ ವೈರಿಯಲ್ಲ. ಆದರೆ ತಾಳೆಯಾಗದ ಲೆಕ್ಕಕ್ಕೆ ಕಂಪ್ಯೂಟರ್ ತಂದರೆ ತಪ್ಪು ಬೇಗ ಬರುತ್ತೆ, ಅಷ್ಟೇ. ಬಿಕಾಂ ಓದಿದವನ ಮಾತು ನಂಬಿ! ಮತ್ತೆ, ದೋಣಿ ತಾನೇ ನಡೆಯುತ್ತೆ ಅಂದರೆ ಕಣ್ಣು ಮುಚ್ಚಬಹುದು ಅಂತಲ್ಲ. ಫೆರಿಯನ್ನು ಹಗ್ಗವೂ ನೋಡಲ್ಲ, ಬ್ಯಾಟರಿಯೂ ನೋಡಲ್ಲ.

ಒಪ್ಪದವರು ಜಗಳಕ್ಕೆ ಬನ್ನಿ. ಚಹಾ ನನ್ನದು.