ಉಳವಿಗೆ ಹೊರಟ ಬಂಡಿಯ ಹೇರು

ಮಾಘ ಮಾಸ ಬಂತೆಂದರೆ ನಮ್ಮ ಬೆಟ್ಟದಂಚಿನ ಹಾದಿಗಳಲ್ಲಿ ಗೆಜ್ಜೆಯ ಸದ್ದು ಕೇಳತೊಡಗುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಸೀಮೆಯಿಂದ ಹೊರಟ ಚಕ್ಕಡಿಗಳು ಮಲೆನಾಡಿನ ಸೆರಗನ್ನು ದಾಟಿ, ಜೋಯಿಡಾ ತಾಲ್ಲೂಕಿನ ದಟ್ಟಡವಿಯನ್ನು ಹೊಕ್ಕು, ಉಳವಿಯ ಚನ್ನಬಸವೇಶ್ವರನ ಸನ್ನಿಧಿಯನ್ನು ಸೇರುತ್ತವೆ. ನೂರು ಕಿಲೋಮೀಟರಿಗೂ ಮೀರಿದ ದಾರಿ. ಹಗಲು ನಡಿಗೆ, ರಾತ್ರಿ ಬಂಡಿಯ ಕೆಳಗೆ ನಿದ್ರೆ. ಗಾಡಿಯನ್ನೇ ಮನೆ ಮಾಡಿಕೊಂಡು ಬಯಲಲ್ಲಿ ಬೀಡು ಬಿಡುವುದನ್ನು ಪಟ್ಟಣದವರು ಇಂದು ಹೊಸ ಹವ್ಯಾಸವೆಂದು ದುಡ್ಡು ಕೊಟ್ಟು ಕಲಿಯುತ್ತಿದ್ದಾರೆ. ನಮ್ಮ ಒಕ್ಕಲಿಗನಿಗೆ ಅದು ಅಜ್ಜ-ಮುತ್ತಜ್ಜರಿಂದ ಬಂದ ವಿದ್ಯೆ.

ಆ ವಿದ್ಯೆಯನ್ನು ನಾವು ಮರೆಯುತ್ತಿದ್ದೇವೆ ಎಂಬುದೇ ಈ ಬರಹದ ದೂರು. ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರಿನ ಟ್ರೇಲರು ಬಂದಿದೆ. ಬರಲಿ, ಅದಕ್ಕೆ ತಕರಾರಿಲ್ಲ. ಎತ್ತು ಸಾಕುವುದು ಎಷ್ಟು ದುಬಾರಿಯಾಗಿದೆ ಎಂಬುದು ಕೃಷಿ ವಿಜ್ಞಾನವನ್ನು ಓದಿದ ನನಗೂ ಗೊತ್ತು, ಓದದ ರೈತನಿಗೆ ಇನ್ನೂ ಚೆನ್ನಾಗಿ ಗೊತ್ತು. ತಕರಾರಿರುವುದು ಗಾಲಿಯ ಮೇಲಲ್ಲ, ಹೇರಿನ ಮೇಲೆ. ಮನೆಯಂಗಳದಲ್ಲಿ ನಿಂತು ನಾವು ಬಂಡಿಗೆ ಏನನ್ನು ಹೇರುತ್ತೇವೋ ಅದೇ ನಾಲ್ಕು ದಿನಗಳ ನಂತರ ಕಾಡಿನ ನೆಲದ ಮೇಲೆ ಬಿದ್ದಿರುತ್ತದೆ. ಕಾಡು ಕೆಡುವುದು ಕಾಡಿನಲ್ಲಲ್ಲ, ನಮ್ಮ ಅಂಗಳದಲ್ಲಿ.

ಇದನ್ನು ಪರರ ಮೇಲೆ ಗೂಬೆ ಕೂರಿಸುವುದಕ್ಕಾಗಿ ಹೇಳುತ್ತಿಲ್ಲ. ನವಲಗುಂದ ಸೀಮೆಯ ನೆಂಟರ ಜೊತೆ ಮೊದಲ ಸಲ ಟ್ರೇಲರಿನಲ್ಲಿ ಉಳವಿಗೆ ಹೊರಟಾಗ ಸಾಮಾನಿನ ಪಟ್ಟಿಯನ್ನು ಬರೆದವನು ನಾನೇ. ನೀರಿನ ಬಾಟಲಿಯ ಪೆಟ್ಟಿಗೆಗಳು, ಬೆಳ್ಳಿಬಣ್ಣದ ತಟ್ಟೆಗಳ ಕಟ್ಟು, ಚಹಾಕ್ಕೆ ಪೇಪರ್ ಕಪ್ಪು, ಮಕ್ಕಳಿಗೆ ಕುರುಕಲು ಪೊಟ್ಟಣ, ಎಲ್ಲವೂ ಪಟ್ಟಿಯಲ್ಲಿದ್ದವು. ಕಸ ತುಂಬಿ ತರಲು ಒಂದು ಖಾಲಿ ಚೀಲ ಮಾತ್ರ ಇರಲಿಲ್ಲ. ಎರಡನೆಯ ರಾತ್ರಿ ಬೀಡು ಬಿಟ್ಟಲ್ಲಿ ಉಂಡ ತಟ್ಟೆಗಳನ್ನು ಎಲ್ಲಿ ಹಾಕಬೇಕೆಂದು ಒಬ್ಬ ಹುಡುಗ ಕೇಳಿದ. ಯಾರ ಬಳಿಯೂ ಉತ್ತರವಿರಲಿಲ್ಲ. ಜೊತೆಗಿದ್ದ ಹಿರಿಯಜ್ಜಿ ಮಾತ್ರ, ‘ಉಂಡ ಎಲಿ ಎತ್ತು ತಿನ್ನಬೇಕು, ಇಲ್ಲಾ ಮಣ್ಣು ತಿನ್ನಬೇಕು. ಎರಡೂ ತಿನ್ನಲಾರದ್ದನ್ನ ಯಾಕ ತಂದ್ರಿ?’ ಎಂದಳು. ನನ್ನ ಡಾಕ್ಟರೇಟು ಆ ರಾತ್ರಿ ತಲೆ ತಗ್ಗಿಸಿತು. ಬಂಡಿಗೆ ಹೇರುವ ಪ್ರತಿಯೊಂದು ವಸ್ತುವಿಗೂ ಅಂದಿನಿಂದ ನಾನು ಇದೇ ಪ್ರಶ್ನೆಯನ್ನು ಕೇಳುತ್ತಿದ್ದೇನೆ: ಇದನ್ನು ಬಾಯಿ ತಿನ್ನುತ್ತದೆಯೆ? ಮಣ್ಣು ತಿನ್ನುತ್ತದೆಯೆ? ಎರಡೂ ಇಲ್ಲವಾದರೆ, ಇದು ಮರಳಿ ಮನೆಗೆ ಬರುತ್ತದೆಯೆ?

ಈ ದಾರಿ ಯಾವ ನೆಲದ ಮೇಲೆ ಹಾಯುತ್ತದೆ ಎಂಬುದನ್ನು ಮರೆಯಲಾಗದು. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನೇ ಇಡಲಾಯಿತು. ಹುಲಿ, ಚಿರತೆ, ಕರಡಿ, ಕಾಡುಕೋಣಗಳ ನೆಲೆಯದು. ಹಾಗೆಂದು ‘ಜಾತ್ರೆಯ ಬಂಡಿಗಳನ್ನೇ ನಿಲ್ಲಿಸಿ’ ಎನ್ನುವ ಪಟ್ಟಣದ ವನ್ಯಪ್ರೇಮಿಗಳ ಪಂಗಡಕ್ಕೆ ನಾನು ಸೇರಿದವನಲ್ಲ. ಕಲ್ಯಾಣದ ಕ್ರಾಂತಿಯ ನಂತರ 12ನೆಯ ಶತಮಾನದಲ್ಲಿ ಶರಣರಿಗೆ ಆಶ್ರಯ ಕೊಟ್ಟ ಕಾಡದು. ಅಣೆಕಟ್ಟು, ವಿದ್ಯುದಾಗಾರ, ಗಣಿ, ರೆಸಾರ್ಟುಗಳನ್ನು ಸಹಿಸಿಕೊಂಡ ಕಾಡಿನಲ್ಲಿ ರೈತನ ಚಕ್ಕಡಿಗೆ ಮಾತ್ರ ಜಾಗವಿಲ್ಲವೆಂದರೆ ಅದು ನ್ಯಾಯವಲ್ಲ. ಆದರೆ ‘ದೇವರ ಕಾರ್ಯಕ್ಕೆ ಹೊರಟವರನ್ನು ಯಾರೂ ಕೇಳಬಾರದು’ ಎನ್ನುವ ಪಂಗಡಕ್ಕೂ ನಾನು ಸೇರಿದವನಲ್ಲ. ದಾರಿಯ ಹಕ್ಕನ್ನು ಉಳಿಸಿಕೊಳ್ಳಬೇಕೆಂದರೆ ದಾರಿಯ ಹೊಣೆಯನ್ನೂ ಹೊರಬೇಕು. ನಾವು ಎಸೆದ ಕಸದ ರಾಶಿಯೇ ನಾಳೆ ನಮ್ಮ ದಾರಿಯನ್ನು ಮುಚ್ಚಲು ಸಾಕ್ಷಿಯಾದೀತು.

ಮೊದಲು ಎತ್ತಿನ ಮಾತು. ಅದು ಹೊರಡುವ ಮುಂಚಿನ ವಾರದ ಕೆಲಸವಲ್ಲ, ತಿಂಗಳ ಮುಂಚಿನ ಕೆಲಸ. ಕಾಲುಬಾಯಿ ಬೇನೆಯ ಲಸಿಕೆ ಹಾಕಿಸಿದ ಮರುದಿನವೇ ಎತ್ತಿಗೆ ರಕ್ಷಣೆ ದೊರೆಯುವುದಿಲ್ಲ. ಮೈಯಲ್ಲಿ ಪ್ರತಿರೋಧ ಬೆಳೆಯಲು ಎರಡು-ಮೂರು ವಾರವಾದರೂ ಬೇಕು. 2013ರಲ್ಲಿ ಈ ಬೇನೆ ಕರ್ನಾಟಕದ ಹಟ್ಟಿಗಳನ್ನು ಬರಿದು ಮಾಡಿದ್ದನ್ನು ಕಂಡವರು ಅದನ್ನು ಮರೆತಿರಲಾರರು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ದನಗಳ ಜಾತ್ರೆ, ಸಂತೆಗಳನ್ನೇ ನಿಲ್ಲಿಸಬೇಕಾಯಿತು. ಕಾಲುಬಾಯಿ ಬೇನೆಗೆ ಊರ ಎತ್ತು, ಕಾಡುಕೋಣ ಎಂಬ ಭೇದವಿಲ್ಲ. ಜಿಂಕೆಗೂ ಕಾಡುಹಂದಿಗೂ ಅದು ತಗಲುತ್ತದೆ. 1968ರಲ್ಲಿ ದೊಡ್ಡರೋಗ ಬಂಡೀಪುರ-ಮುದುಮಲೆಯ ಕಾಡುಕೋಣಗಳನ್ನು ಹಿಂಡುಹಿಂಡಾಗಿ ಕೊಂದಿತು. ಆ ರೋಗವನ್ನು 2011ರಲ್ಲಿ ಲೋಕದಿಂದಲೇ ಅಳಿಸಿಹಾಕಲಾಯಿತು, ಆದರೆ ಅದು ಕಲಿಸಿದ ಪಾಠ ಅಳಿಯಬಾರದು. ಜ್ವರವಿರುವ, ಜೊಲ್ಲು ಸುರಿಸುವ, ಕುಂಟುವ ಎತ್ತನ್ನು ಹರಕೆಯ ಹೆಸರಿನಲ್ಲಿ ಕಾಡಿಗೆ ಹೊಡೆದುಕೊಂಡು ಹೋಗುವುದು ಭಕ್ತಿಯಲ್ಲ. ಲಸಿಕೆಯ ಚೀಟಿ ಬಂಡಿಯ ಮೊದಲ ಹೇರಾಗಲಿ. ಕಾಲಿಗೆ ಹೊಸ ಲಾಳ, ಗಾಲಿಗೆ ಕೀಲೆಣ್ಣೆ, ಒಂದು ಹೆಚ್ಚಿನ ಹಗ್ಗ, ಚಳಿಗೆ ಹೊದಿಸಲು ಜೂಲ ಜೊತೆಗಿರಲಿ.

ಎರಡನೆಯದು ಮೇವು. ‘ಕಾಡಿನಲ್ಲಿ ಮೇವಿಗೇನು ಬರ?’ ಎನ್ನುವುದು ತಪ್ಪು ಲೆಕ್ಕ. ಮಾಘದಲ್ಲಿ ಎಲೆ ಉದುರಿ, ಹುಲ್ಲು ಒಣಗಿ, ಕಾಡಿನ ಪ್ರಾಣಿಗೇ ಹೊಟ್ಟೆಗೆ ಸಾಲದ ಕಾಲ ತೊಡಗಿರುತ್ತದೆ. ನಮ್ಮ ಎತ್ತಿನ ಮೇವು ನಮ್ಮ ಹೊಲದ್ದೇ ಆಗಿರಬೇಕು: ಜೋಳದ ಕಣಕಿ, ಕಡಲೆ ಹೊಟ್ಟು, ಹಿಂಡಿ. ಆದರೆ ಮೇವಿನಲ್ಲಿ ಏನು ಸೇರಿದೆ ಎಂಬುದನ್ನೂ ನೋಡಬೇಕು. ಕಾಂಗ್ರೆಸ್ ಕಸವೆಂದು ನಾವು ಕರೆಯುವ ಪಾರ್ಥೇನಿಯಂ 1955ರಲ್ಲಿ ಪುಣೆಯಲ್ಲಿ ಗುರುತಿಗೆ ಬಂತು. ಇಂದು ಅದಿಲ್ಲದ ಬದುವನ್ನು ನಮ್ಮ ಜಿಲ್ಲೆಯಲ್ಲಿ ಹುಡುಕಬೇಕು. ಚೆನ್ನಾಗಿ ಬೆಳೆದ ಒಂದೇ ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸುತ್ತದೆ, ಬೀಜವೋ ಧೂಳಿನಷ್ಟು ಸಣ್ಣದು. ರಸ್ತೆಯಂಚಿನಿಂದ ಕೊಯ್ದ ಹಸಿಹುಲ್ಲಿನ ಒಂದು ಹೊರೆ ಸಾಕು, ಬೀಡು ಬಿಟ್ಟ ಜಾಗದಲ್ಲಿ ಮುಂದಿನ ಮಳೆಗೆ ಕಾಂಗ್ರೆಸ್ ಕಸ ಮೊಳೆಯುತ್ತದೆ. ಆದ್ದರಿಂದ ಕಣಕಿಯನ್ನು ಕೊಡವಿ, ಕಸ ಆರಿಸಿ ಹೇರಿರಿ. ಹೊರಡುವ ಮುನ್ನ ಟ್ರೇಲರಿನ ತಳವನ್ನೂ ಗಾಲಿಗಂಟಿದ ಎರೆಮಣ್ಣನ್ನೂ ಊರಲ್ಲೇ ತೊಳೆಯಿರಿ.

ಮೂರನೆಯದು ಬೆಂಕಿ. ಆ ಹೊತ್ತಿಗೆ ಕಾಡಿನ ನೆಲದ ಮೇಲೆ ಒಣಗಿದ ತರಗೆಲೆಯ ಹಾಸು ಬಿದ್ದಿರುತ್ತದೆ. ಆರದ ಒಂದು ಕೆಂಡ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದನ್ನೂ ಅಪರಾಧವೆಂದಿದೆ. ಕಾಯ್ದೆ ಹೇಳದಿದ್ದರೂ ಕಣದಲ್ಲಿ ಬಣವೆ ಒಟ್ಟಿದ ರೈತನಿಗೆ ಇದನ್ನು ಕಲಿಸಬೇಕೆ? ನಮ್ಮ ಬಣವೆಯ ಪಕ್ಕದಲ್ಲಿ ಬೀಡಿ ಸೇದುವವನನ್ನು ಗದರಿಸುವ ನಾವು, ಕಾಡಿನ ಬಣವೆಯ ನಡುವೆ ಒಲೆ ಹೂಡುವುದೇಕೆ? ಬೀಡು ಬಿಡಲು ಗೊತ್ತುಪಡಿಸಿದ ಜಾಗದ ಹೊರಗೆ ಒಲೆ ಬೇಡ. ಹೂಡುವಲ್ಲಿಯೂ ಕಟ್ಟಿಗೆ ಕಾಡಿನದಾಗದಿರಲಿ. ಎರೆಸೀಮೆಯಲ್ಲಿ ಹತ್ತಿ ಬಿಡಿಸಿದ ಮೇಲೆ ಉಳಿಯುವ ಹತ್ತಿಕಟ್ಟಿಗೆಯ ಎರಡು ಹೊರೆ ನಾಲ್ಕು ದಿನದ ಚಹಾ-ಸಾರಿಗೆ ಸಾಕು. ಒಲೆಯ ಸುತ್ತ ಎಲೆ ಗುಡಿಸಿ, ಪಕ್ಕದಲ್ಲಿ ತುಂಬಿದ ಕೊಡವಿಟ್ಟು, ಎದ್ದು ಹೋಗುವಾಗ ಬೂದಿಗೆ ನೀರು ಸುರಿದು ಕೈಯಿಂದ ಮುಟ್ಟಿ ನೋಡಿ. ಕೈಗೆ ತಣ್ಣಗಾದರೆ ಮಾತ್ರ ನೊಗ ಹೂಡಿ.

ನಾಲ್ಕನೆಯದು ಬುತ್ತಿ. ಇಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಯಾವ ವಿಜ್ಞಾನಿಯೂ ಪಾಠ ಹೇಳಬೇಕಾಗಿಲ್ಲ. ಖಡಕ್ ರೊಟ್ಟಿ ಕೆಡದಿರುವುದು ಅದರಲ್ಲಿ ನೀರಿನಂಶ ಇಲ್ಲದಿರುವುದರಿಂದ. ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಗಳು ಬಾಳುವುದು ಹುರಿದು ಒಣಗಿಸಿ ಕುಟ್ಟಿರುವುದರಿಂದ. ಮಾದಲಿ, ಶೇಂಗಾ ಉಂಡೆ, ಕೆಂಪು ಖಾರ ಇವೆಲ್ಲ ಬಟ್ಟೆಯಲ್ಲಿ ಕಟ್ಟಿ ಒಯ್ಯುವಂಥವು. ದಾರಿಯ ಊಟಕ್ಕೆ ಇದಕ್ಕಿಂತ ಒಳ್ಳೆಯದನ್ನು ಯಾವ ಕಾರ್ಖಾನೆಯೂ ಪೊಟ್ಟಣ ಕಟ್ಟಿಲ್ಲ. ಇನ್ನು ಪೇಪರ್ ಕಪ್ಪಿನ ವಿಷಯ. ಹೆಸರಿಗೆ ಕಾಗದವಾದರೂ ಚಹಾ ಸೋರದಂತೆ ಅದರ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪೊರೆ ಅಂಟಿಸಿರುತ್ತಾರೆ. ಬೆಳ್ಳಿಬಣ್ಣದ ತಟ್ಟೆಯ ಕಥೆಯೂ ಅದೇ. ಮಣ್ಣು ಅವನ್ನು ತಿನ್ನುವುದಿಲ್ಲ. ಆದರೆ ಅದರಲ್ಲಿ ಉಳಿದ ಉಪ್ಪು-ಸಾರಿನ ವಾಸನೆಗೆ ದನ, ಜಿಂಕೆ, ಕೋತಿ ಅವನ್ನು ತಿನ್ನುತ್ತವೆ. ದನದ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಕರಗುವುದಿಲ್ಲ. ಗಂಟುಗಟ್ಟಿ, ಮೆಲುಕು ನಿಂತು, ಹೊಟ್ಟೆ ತುಂಬಿದ್ದರೂ ಪ್ರಾಣಿ ಸೊರಗಿ ಸಾಯುತ್ತದೆ. ಕರ್ನಾಟಕ ಸರ್ಕಾರ 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು, ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಬಂತು. ನಿಷೇಧ ಕಾಗದದಲ್ಲಿದೆ, ತಟ್ಟೆ ಕಾಡಿನಲ್ಲಿದೆ. ಆಳಿಗೊಂದು ಸ್ಟೀಲಿನ ತಾಟು, ಒಂದು ಲೋಟ ಹಾಕಿಕೊಂಡರೆ ಟ್ರೇಲರೇನೂ ಮುಳುಗುವುದಿಲ್ಲ.

ಅಮೆರಿಕದ ಯೊಸೆಮಿಟಿಯಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಬೀಡು ಬಿಡುವವರು ತಮ್ಮ ಆಹಾರವನ್ನು ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕೆಂಬ ನಿಯಮವಿದೆ. ಮನುಷ್ಯನ ಊಟದ ರುಚಿ ಹತ್ತಿದ ಕರಡಿ ಮನುಷ್ಯನಿಗೂ ಉಳಿಯದು, ಕಾಡಿಗೂ ಉಳಿಯದು ಎಂಬ ಅನುಭವದಿಂದ ಬಂದ ನಿಯಮವದು. ನಮ್ಮ ಕಾಡಿನಲ್ಲಿಯೂ ಕರಡಿಯಿದೆ. ಬುತ್ತಿಯ ಡಬ್ಬಿಗೆ ಗಟ್ಟಿ ಮುಚ್ಚಳವಿರಲಿ. ಕೋತಿಗೆ ಎಸೆಯುವ ಬಾಳೆಹಣ್ಣು ಪುಣ್ಯವಲ್ಲ. ಅದು ಮುಂದಿನ ವರ್ಷ ನಿಮ್ಮ ಮಗುವಿನ ಕೈಗೆ ಬೀಳುವ ಕಚ್ಚು.

ಐದನೆಯದು ಟ್ರೇಲರು. ಅದನ್ನು ಮಾಡಿರುವುದು ಸರಕಿಗೆ, ಜನರಿಗಲ್ಲ. ನಮ್ಮ ಬಹುಪಾಲು ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ, ಹಿಂದೆ ದೀಪವೂ ಇರುವುದಿಲ್ಲ. ಎರೆಹೊಲದ ಸಮತಟ್ಟಿನಲ್ಲಿ ಇದು ನಡೆದೀತು. ಕಾಡಿನ ಇಳಿಜಾರಿನಲ್ಲಿ ಹಿಂದಿನ ಭಾರವೇ ಟ್ರ್ಯಾಕ್ಟರನ್ನು ನೂಕುತ್ತದೆ. ಆಳೆತ್ತರದ ಧ್ವನಿಪೆಟ್ಟಿಗೆಗಳನ್ನೂ ಅವಕ್ಕೆ ಜನರೇಟರನ್ನೂ ಹೇರಿ, ಅದರ ಮೇಲೆ ಮಕ್ಕಳನ್ನು ಕೂರಿಸಿ ಹೊರಡುವವರನ್ನು ಕಂಡಾಗ ಎದೆ ನಡುಗುತ್ತದೆ. ಜನರು ಬಸ್ಸಿನಲ್ಲಿ ಬರಲಿ, ಟ್ರೇಲರು ಸಾಮಾನು ಹೊರಲಿ. ಹಿಂದೆ ಹೊಳೆಯುವ ಕೆಂಪು ಪಟ್ಟಿ, ಗಾಲಿಗೆ ಒಡ್ಡಲು ಎರಡು ಮರದ ತುಂಡು, ಒಂದು ಬ್ಯಾಟರಿ, ಇವು ಹೇರಿನಲ್ಲಿರಲಿ. ಧ್ವನಿಪೆಟ್ಟಿಗೆ ಊರಲ್ಲೇ ಉಳಿಯಲಿ. ‘ಹರಹರ ಮಹಾದೇವ’ ಎನ್ನಲು ಮನುಷ್ಯನ ಕಂಠ ಸಾಕು, ಎತ್ತಿನ ಕೊರಳ ಗೆಜ್ಜೆ ಸಾಕು.

ಇಷ್ಟು ಹೊತ್ತು ಬಯಲುಸೀಮೆಯವರಿಗೆ ಹೇಳಿದೆ. ಬೆಟ್ಟದವರಾದ ನಾವೇನು ಮಾಡುತ್ತಿದ್ದೇವೆ? ಜಾತ್ರೆಯ ವಾರದಲ್ಲಿ ರಸ್ತೆಯಂಚಿಗೆ ಅಂಗಡಿ ಹೂಡಿ ಅದೇ ಬಾಟಲಿ, ಅದೇ ಪೊಟ್ಟಣಗಳನ್ನು ಮಾರುವವರಲ್ಲಿ ನಮ್ಮವರೂ ಇಲ್ಲವೆ? ಪುಣ್ಯಕ್ಕೆಂದು ನೀರು, ಪ್ರಸಾದ ಹಂಚುವ ದಾನಿಗಳು ಪ್ಲಾಸ್ಟಿಕ್ ಲೋಟದಲ್ಲೇ ಹಂಚುವುದನ್ನು ನೋಡಿಯೂ ನಾವು ಸುಮ್ಮನಿಲ್ಲವೆ? ಮುತ್ತುಗದೆಲೆಯ ಪತ್ರೋಳಿ, ಅಡಿಕೆ ಹಾಳೆಯ ತಟ್ಟೆ ನಮ್ಮ ಸೀಮೆಯ ಕೈಕೆಲಸ. ಜೋಯಿಡಾದ ಕುಣಬಿ ಕುಟುಂಬಗಳು ಬೆಳೆಯುವ ಗೆಡ್ಡೆ-ಗೆಣಸುಗಳನ್ನು ಸುಟ್ಟು ಮಾರಿದರೆ ಯಾವ ಕುರುಕಲು ಪೊಟ್ಟಣ ಅದಕ್ಕೆ ಸಮನಾದೀತು? ಕೊಡದ ನೀರು, ಎಲೆಯ ಊಟ, ಸುಟ್ಟ ಗೆಣಸು, ಇಷ್ಟನ್ನು ದಾರಿಯುದ್ದಕ್ಕೂ ಒದಗಿಸುವ ಹೊಣೆ ನಮ್ಮದು. ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ನಿಮ್ಮ ಊರಿನಿಂದ ಹೊರಡುವ ಬಂಡಿಗೆ ಒಂದೊಂದು ಖಾಲಿ ಗೋಣಿಚೀಲ ಕಟ್ಟಿಕೊಡಿ. ಮರಳಿ ಬಂದಾಗ ಅದು ತುಂಬಿದೆಯೇ ನೋಡಿ. ಖಾಲಿ ಬಂದರೆ ಮತ್ತೊಂದು ಪ್ರಶ್ನೆ ಕೇಳಿ: ಒಯ್ದದ್ದೇ ಕಡಿಮೆಯೋ, ಬಿಟ್ಟು ಬಂದದ್ದು ಹೆಚ್ಚೋ?

‘ನಮಗೂ ಆ ಕಾಡಿಗೂ ವರ್ಷಕ್ಕೊಮ್ಮೆಯ ನಂಟು’ ಎಂದು ಎರೆಸೀಮೆಯವರು ಭಾವಿಸುವುದುಂಟು. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿ ತೆಗೆಯುವ ವಿದ್ಯುತ್ತು ನಾಡಿನ ದೀಪಗಳನ್ನೂ ಪಂಪುಗಳನ್ನೂ ನಡೆಸುತ್ತದೆ. ನವಲಗುಂದದ ಕಾಲುವೆಗೆ ನೀರು ಕೊಡುವ ಮಲಪ್ರಭೆ ಹುಟ್ಟುವುದು ಇದೇ ಸಹ್ಯಾದ್ರಿಯ ಕಣಕುಂಬಿಯಲ್ಲಿ. ನೀರಿಗಾಗಿ 1980ರಲ್ಲಿ ಬೀದಿಗಿಳಿದ ಸೀಮೆಗೆ ನೀರಿನ ತವರುಮನೆ ಯಾವುದೆಂದು ಹೇಳಿಕೊಡಬೇಕೆ? ತವರಿಗೆ ಹೊರಟ ಮಗಳು ಬುತ್ತಿ ಒಯ್ಯುತ್ತಾಳೆ, ಕಸ ಒಯ್ಯುವುದಿಲ್ಲ.

ಈ ಭಾರತ ಹುಣ್ಣಿಮೆಗೆ ಮೊದಲ ಸಲ ಬಂಡಿ ಹೂಡುವ ತರುಣರೇ, ಹೇರು ಕಟ್ಟುವ ಮುನ್ನ ಆ ಅಜ್ಜಿಯ ಪ್ರಶ್ನೆಯನ್ನು ನಿಮ್ಮ ಕೈಯಲ್ಲಿರುವ ಒಂದೊಂದು ವಸ್ತುವಿಗೂ ಕೇಳಿ. ಬಾಯಿ ತಿನ್ನುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಮರಳಿ ಮನೆಗೂ ಬರುವುದಿಲ್ಲ ಎಂದಾದರೆ ಅದನ್ನು ಅಲ್ಲಿಯೇ ಇಳಿಸಿ. ಬಂಡಿ ಹಗುರಾಗುತ್ತದೆ. ಎತ್ತಿಗೂ ಅದು ಸುಖ, ಕಾಡಿಗೂ ಸುಖ.